ವೀಲ್‌ಚೇರಿನವರ ಗೆರೆ

"ಒಂಬತ್ತನೇ ಕ್ಲಾಸು ದಾಟದವನು ನಮಗೆ ಗ್ರಾಫು ಓದೋದು ಹೇಳಿಕೊಡ್ತಾನಂತೆ. ಫೈಲು ಹೊರೋದು ನಿನ್ನ ಕೆಲಸ. ಹೊತ್ತು ಹಾಕಿದ್ಮೇಲೆ ಬಾಯಿ ಮುಚ್ಕೊಂಡು ಹೋಗು."

ಈ ಗ್ರಾಫು ಸರಿಯಿಲ್ಲ ಎಂದು ನಾನು ಹೇಳಿದ್ದಕ್ಕೆ ದೊಡ್ಡ ಡಾಕ್ಟರು ಹೀಗೆಂದಾಗ ಮೀಟಿಂಗ್ ಕೋಣೆಯಲ್ಲಿದ್ದವರೆಲ್ಲ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು. ಆದರೂ ಕದಲಲಿಲ್ಲ. ಪರದೆಯ ಮೇಲೆ ಎರಡು ಗೆರೆ: ಹಳೆಯ ಇಂಜೆಕ್ಷನ್ ಪಡೆದವರದೊಂದು, ಹೊಸ ಮಾತ್ರೆ ನುಂಗಿದವರದೊಂದು. ಯಾರಾದರೂ ಸತ್ತಾಗಲೆಲ್ಲ ಗೆರೆ ಅಷ್ಟು ಕೆಳಗಿಳಿಯುತ್ತದೆ. ಮಾತ್ರೆಯ ಗೆರೆ ದಡದಡನೆ ಇಳಿದಿತ್ತು. ಹಾಗಾಗಿ ಇವತ್ತಿನಿಂದಲೇ ಮಾತ್ರೆ ಬಂದ್, ಸಹಿಯೊಂದೇ ಬಾಕಿ. ಆ ಮಾತ್ರೆಯಿಂದಲೇ ನನ್ನ ಅಕ್ಕ ಮೂರನೇ ವಾರ್ಡಿನಲ್ಲಿ ಎದ್ದು ಕೂತು ಊಟ ಮಾಡತೊಡಗಿದ್ದಳು.

"ಸಾರ್, ನಡ್ಕೊಂಡು ಬಂದವರಿಗೆ ನೀವು ಹೆಚ್ಚಾಗಿ ಇಂಜೆಕ್ಷನ್ ಕೊಟ್ರಿ," ಎಂದೆ. "ವೀಲ್‌ಚೇರಲ್ಲಿ ಬಂದವರು ಅದನ್ನ ತಡ್ಕೊಳಲ್ಲ ಅಂತ ಹೆಚ್ಚಿನವರಿಗೆ ಮಾತ್ರೆ. ಮೊದಲೇ ಸೋತವರನ್ನ ಪಂದ್ಯದಲ್ಲಿ ಓಡಿಸಿ, ಹಿಂದೆ ಬಿದ್ರು ಅಂದ್ರೆ ಹೇಗೆ?"

"ಕಂಪ್ಯೂಟರಲ್ಲಿ ಹಾಗೇನೂ ಇಲ್ವಲ್ಲ," ಎಂದರು ಗ್ರಾಫು ಎಳೆದಿದ್ದ ಲೆಕ್ಕದ ಮೇಡಂ.

"ಅದಕ್ಕೆ ಯಾರು ಹೇಳಿದ್ರು ಮೇಡಂ? ರಟ್ಟಿನ ಮೇಲಿದೆ ನೋಡಿ."

ರೋಗಿ ಮೊದಲ ಸಲ ಬಂದಾಗ ಫೈಲಿನ ರಟ್ಟಿನ ಮೂಲೆಯಲ್ಲಿ ಪೆನ್ಸಿಲಿನಿಂದ 'ನ' ಅಥವಾ 'ವೀ' ಎಂದು ಬರೆಯುವವನು ನಾನು. ಯಾವ ವೀಲ್‌ಚೇರು ಯಾರ ಹತ್ತಿರ ಉಳಿಯಿತೆಂದು ಹುಡುಕಲು ಅದು ಬೇಕು. ಟೈಪು ಮಾಡುವವರು ಒಳಗಿನ ಹಾಳೆಯನ್ನಷ್ಟೇ ನೋಡುತ್ತಾರೆ.

ಮೇಡಂ ಎದ್ದು ಬಂದರು. ನಾನು ಗಾಡಿಯಲ್ಲಿ ತಳ್ಳಿಕೊಂಡು ತಂದಿದ್ದ ಇನ್ನೂರು ಫೈಲುಗಳನ್ನು ಇಬ್ಬರೂ ಸೇರಿ ನಾಲ್ಕು ರಾಶಿ ಮಾಡಿದೆವು. ವೀಲ್‌ಚೇರಿನವರಲ್ಲಿ ಮಾತ್ರೆ ನುಂಗಿದವರು ಎಂಬತ್ತು; ಎರಡು ವರ್ಷದ ಮೇಲೆ ನಲವತ್ತು ಮಂದಿ ಬದುಕಿದ್ದರು. ಇಂಜೆಕ್ಷನ್ ಪಡೆದ ಇಪ್ಪತ್ತರಲ್ಲಿ ಆರೇ ಆರು. ನಡೆದು ಬಂದವರಲ್ಲಿ ಮಾತ್ರೆಯ ಇಪ್ಪತ್ತಕ್ಕೆ ಹದಿನೆಂಟು, ಇಂಜೆಕ್ಷನ್ನಿನ ಎಂಬತ್ತಕ್ಕೆ ಅರವತ್ತನಾಲ್ಕು.

"ಎರಡು ಕಡೆನೂ ಮಾತ್ರೆನೇ ಮುಂದೆ," ಮೇಡಂ ಕುರ್ಚಿ ಎಳೆದುಕೊಂಡರು. "ತಾಳಪ್ಪ, ತೂಕ ಸರಿ ಮಾಡ್ತೀನಿ. ಇಂಜೆಕ್ಷನ್ ಕಡೆ ವೀಲ್‌ಚೇರಿನವರು ಕಮ್ಮಿ. ಇಪ್ಪತ್ತು ಹೋಗಿ ಐವತ್ತಾಗೋ ಹಾಗೆ ಅವರಲ್ಲಿ ಒಬ್ಬೊಬ್ಬರನ್ನೂ ಎರಡೂವರೆ ಜನ ಅಂತ ಎಣಿಸೋಣ."

"ಅರ್ಧ ಮನುಷ್ಯನ್ನ ಎಲ್ಲಿಂದ ತರ್ತೀರಿ?"

"ಲೆಕ್ಕದಲ್ಲಿ ಸಿಗ್ತಾನೆ ಬಿಡು."

ಎರಡೂ ಗುಂಪಿನಲ್ಲಿ ನಡೆದು ಬಂದವರು ಅರ್ಧ, ವೀಲ್‌ಚೇರಿನವರು ಅರ್ಧ ಆಗುವಂತೆ ತೂಕ ಕೊಟ್ಟು ಗೆರೆ ಮತ್ತೆ ಎಳೆದರು. ಮಾತ್ರೆಯ ಗೆರೆ ಮೇಲಕ್ಕೆ ಬಂದುಬಿಟ್ಟಿತು. ನೂರಕ್ಕೆ ಎಪ್ಪತ್ತು. ಇಂಜೆಕ್ಷನ್ನಿನದು ಐವತ್ತೈದು.

"ವಯಸ್ಸಿನ ವ್ಯತ್ಯಾಸನೂ ನೋಡ್ಬೇಕು," ಎಂದರು ಮೇಡಂ. "ಆದ್ರೆ ಇದನ್ನ ನೋಡಿದ್ಮೇಲೆ ಇವತ್ತು ಬಂದ್ ಮಾಡೋ ಹಾಗಿಲ್ಲ ಸಾರ್."

ದೊಡ್ಡ ಡಾಕ್ಟರು ಪೆನ್ನು ಜೇಬಿಗೆ ಸಿಕ್ಕಿಸಿಕೊಂಡರು. "ಸರಿ, ಮಾತ್ರೆ ಮುಂದುವರಿಯಲಿ." ಆಮೇಲೆ ನನ್ನ ಕಡೆ ತಿರುಗಿದರು. "ಅಲ್ಲಯ್ಯ, ಇದನ್ನ ಮೊದಲೇ ಬಾಯಿ ಬಿಡೋಕೆ ಏನಾಗಿತ್ತು ನಿಂಗೆ?"

ಅಕ್ಕನ ಮಧ್ಯಾಹ್ನದ ಮಾತ್ರೆಯ ಹೊತ್ತಾಗಿತ್ತು. ಫೈಲುಗಳನ್ನು ಅಲ್ಲಿಯೇ ಬಿಟ್ಟು, ಬಾಗಿಲು ತಳ್ಳಿಕೊಂಡು ಮೂರನೇ ವಾರ್ಡಿನ ಕಡೆ ಬಿರಬಿರನೆ ನಡೆದೆ.