ನಬೀಸಾಬನ ಪಾಲಿನ ನಲವತ್ತು ಸೆಕೆಂಡು

ಸೇಡಂ ಕಾಲೇಜಿನ ರೇಡಿಯೊ ಕೋಣೆಯಲ್ಲಿ ಎಲ್ಲ ಕೆಲಸವೂ ಕಂಪ್ಯೂಟರಿನಲ್ಲೇ ನಡೆಯುತ್ತದೆ. ಆದರೂ ಉಜ್ಮಾಳಿಗೆ ‘ಕತ್ತರಿ’ ಎಂದೇ ಹೆಸರು ಬಿದ್ದಿತ್ತು. ಬಿ.ಎ. ಕೊನೆಯ ವರ್ಷದ ಈ ಹುಡುಗಿ, ಒಂದು ತಾಸಿನ ಮಾತನ್ನು ಇಪ್ಪತ್ತೆಂಟು ನಿಮಿಷಕ್ಕೆ ಇಳಿಸುವುದರಲ್ಲಿ ಎತ್ತಿದ ಕೈ. ಬಂದವರ ಕೆಮ್ಮು, ‘ಅದೇನಂದ್ರ’ಗಳು, ರಸ್ತೆಯಲ್ಲಿ ಹಾಯುವ ಸಿಮೆಂಟ್ ಲಾರಿಯ ಹಾರ್ನು, ಒಂದನ್ನೂ ಬಿಡುತ್ತಿರಲಿಲ್ಲ. ರೇಡಿಯೊ ನೋಡಿಕೊಳ್ಳುವ ಪೂನಮ್ ಮೇಡಂ ಗೋಡೆಗೆ ಅಂಟಿಸಿದ್ದ ನಿಯಮಗಳಲ್ಲಿ ಮೊದಲನೆಯದು, ಮೂರು ಸೆಕೆಂಡಿಗಿಂತ ಹೆಚ್ಚು ಮೌನ ಇರಬಾರದು ಎಂಬುದು. ಮೌನ ಬಂದರೆ ಕೇಳುವವರು ರೇಡಿಯೊ ಕೆಟ್ಟಿತೆಂದು ಬಂದ್ ಮಾಡುತ್ತಾರೆ. ಉಜ್ಮಾ ಒಂದು ದಿನವೂ ಈ ನಿಯಮ ಮುರಿದವಳಲ್ಲ.

ಗುರುವಾರ ಸಂಜೆ ಐದಕ್ಕೆ ‘ನಾವು ಯಾರು’ ಎಂಬ ಮಾತುಕತೆ. ಮಾತಾಡಿಸುವವಳು ಲುಂಬಿನಿ, ಕತ್ತರಿಸಿ ಜೋಡಿಸುವವಳು ಉಜ್ಮಾ. ಸನ್ನತಿಯ ಲುಂಬಿನಿ ಮೊದಲ ಕಂತಿನಲ್ಲಿ ತನ್ನ ಕಥೆಯನ್ನೇ ಹೇಳಿದ್ದಳು. ಅಗೆತದಲ್ಲಿ ಸಿಕ್ಕ ಬುದ್ಧನ ಕಲ್ಲುಗಳನ್ನು ನೋಡಲು ಕಾರು ಮಾಡಿಕೊಂಡು ಬರುವ ದೊಡ್ಡವರು, ಅದೇ ಊರಿನ ಬೌದ್ಧರ ಹುಡುಗಿ ಎದುರಿಗೆ ನಿಂತರೆ, ಬೌದ್ಧರಾಗುವ ಮೊದಲು ನೀವು ಯಾವ ಜಾತಿ ಎಂದು ಕೇಳುತ್ತಾರೆ ಅಂದಳು. ಆ ಕಂತಿಗೆ ಹದಿನೇಳು ಫೋನು ಬಂದವು. ಹನ್ನೊಂದು ಮಂದಿ ಅದೇ ಪ್ರಶ್ನೆ ಕೇಳಿದರು. ಜನ ಎಂದರೆ ಹೀಗೆ, ಏನು ಮಾಡುವುದು.

ಆ ದಿನಗಳಲ್ಲೇ ವಾಡಿಯ ಡಿಜೆಯವನೊಬ್ಬ ಹಳೆಯ ಕ್ಯಾಸೆಟ್ಟಿನ ಮೊಹರಂ ಪದಕ್ಕೆ ಧಡಧಡ ತಾಳ ಕೂಡಿಸಿ ಮೊಬೈಲುಗಳಿಗೆ ಹರಿಬಿಟ್ಟ. ಶಹಾಬಾದಿನಿಂದ ಚಿತ್ತಾಪುರದವರೆಗೆ ಮದುವೆಯ ಮೆರವಣಿಗೆಗಳಲ್ಲಿ ಹುಡುಗರು ಅದಕ್ಕೆ ಕುಣಿದದ್ದೇ ಕುಣಿದದ್ದು. ಕರ್ಬಲಾದ ಯುದ್ಧದಲ್ಲಿ ಮಡಿದವರ ಶೋಕದ ಹಾಡಿಗೆ ಮದುಮಗನ ಮುಂದೆ ಹೆಜ್ಜೆ ಹಾಕುತ್ತಿದ್ದೇವೆಂಬ ಎಚ್ಚರ ಯಾರಿಗೂ ಇರಲಿಲ್ಲ. ಕ್ಯಾಂಟೀನಿನಲ್ಲಿ ಯಾರದೋ ಮೊಬೈಲಿನಿಂದ ಆ ಪದ ಕೇಳಿದಾಗ ಉಜ್ಮಾಳ ಕೈಯ ಚಹಾ ಕೈಯಲ್ಲೇ ಉಳಿಯಿತು. ಪದದಲ್ಲಿ ಎರಡು ದನಿಗಳಿದ್ದವು. ಒಂದು ಪ್ರಶ್ನೆ ಹಾಡುತ್ತಿತ್ತು, ಇನ್ನೊಂದು ಉತ್ತರ ಹಾಡುತ್ತಿತ್ತು. ಉತ್ತರದ ದನಿ ಅವಳ ದಾದಾನದು.

ದಾದಾ, ಎಂದರೆ ಅಜ್ಜ ನಬೀಸಾಬ್, ಈಗ ಹಾಡುವುದಿರಲಿ, ನೀರು ಬೇಕೆಂದರೂ ಎಡಗೈಯಲ್ಲಿ ಸನ್ನೆ ಮಾಡಬೇಕು. ಲಕ್ವಾ ಹೊಡೆದು ಬಲಗಡೆ ಸತ್ತುಹೋಗಿದೆ, ಮಾತು ನಿಂತು ಒಂದೂವರೆ ವರ್ಷ. ಅದಕ್ಕೂ ಮೊದಲು ಮೂವತ್ತೆಂಟು ವರ್ಷ, ಚಿಂಚೋಳಿ ತಾಲೂಕಿನ ಕೊಡ್ಲಿಯಲ್ಲಿ ಮೊಹರಮ್ಮಿನ ಬೆಂಕಿ ಹಾಕುವ ಅಲಾಯಿ ಕುಣಿಯ ಸುತ್ತ ನಿಂತು ಆತ ಹಾಡಿದ್ದ. ಎದುರಿಗೆ ನಿಂತು ಪ್ರಶ್ನೆ ಹಾಡುತ್ತಿದ್ದವನು ಅದೇ ಊರಿನ ಲಾಲಪ್ಪ. ಈ ಪದಗಳ ಕಟ್ಟಳೆಯೇ ಹಾಗೆ. ಪ್ರಶ್ನೆ ಹಾಡಿದವನು ಉತ್ತರ ಹಾಡುವಂತಿಲ್ಲ, ಎದುರಿನವನು ಮುಗಿಸುವ ತನಕ ಬಾಯಿ ಮುಚ್ಚಿಕೊಂಡು ನಿಲ್ಲಬೇಕು.

ಈ ಹಾಡಿಕೆಯನ್ನು ನಿಲ್ಲಿಸಿದವನು ಉಜ್ಮಾಳ ತಂದೆ ಸರ್ದಾರ. ಸೇಡಂ ಮಗ್ಗುಲಿನ ಕೋಡ್ಲಾದ ಸಿಮೆಂಟ್ ಕಾರ್ಖಾನೆಯ ಕೆಲಸ ಹಿಡಿದು, ಅಪ್ಪನೊಂದಿಗೆ ಸೇಡಮ್ಮಿನಲ್ಲಿ ನೆಲೆಯಾದ ಮೇಲೆ ಆತನಿಗೆ ಓದು, ನಮಾಜು, ಹಿರಿಯರ ಧರ್ಮಬೋಧೆಯ ಬಯಾನು ಹೆಚ್ಚಾದವು. ಮೊಹರಮ್ಮಿಗೆ ಕೈಯಾಕಾರದ ಪಂಜಾ ಎತ್ತುವುದು, ಕುಣಿಯುವುದು ಧರ್ಮದಲ್ಲಿ ಇಲ್ಲವೆಂದು ಆತನಿಗೆ ಮನದಟ್ಟಾಯಿತು. ಕೆಟ್ಟ ಮನುಷ್ಯನಲ್ಲ. ಅಪ್ಪನ ಆಖಿರತ್ತು, ಸತ್ತ ಮೇಲಿನ ಬದುಕು, ಕೆಡಬಾರದೆಂದೇ ಬೇಡ ಅಂದ. ಅತ್ತ ಕೊಡ್ಲಿಯಲ್ಲಿ ಲಾಲಪ್ಪನ ಮಕ್ಕಳೂ, ಅವರ ದೇವರ ಮುಂದೆ ನಿನಗೇನು ಕೆಲಸ ಎಂದು ಅಪ್ಪನ ಬಾಯಿಗೆ ಬೀಗ ಹಾಕಿದರು. ಮೂರು ವರ್ಷದ ಹಿಂದೆ ಮೊಹರಮ್ಮಿಗೆ ಕರೆಯಲು ಬಂದ ಲಾಲಪ್ಪನನ್ನು ಸರ್ದಾರ ಬಾಗಿಲಲ್ಲೇ ನಿಲ್ಲಿಸಿ, “ಕಾಕಾ, ಇನ್ನ ಮ್ಯಾಲ ಬರಬ್ಯಾಡ್ರಿ,” ಅಂದಿದ್ದ. ಉಜ್ಮಾ ಒಳಗೆ ರೊಟ್ಟಿ ಬಡಿಯುತ್ತಿದ್ದಳು. “ಆಯ್ತು ತಗೋ ತಮ್ಮಾ, ನಿನ್ನ ಹೊಸ್ತಿಲ ತುಳಿಯಂಗಿಲ್ಲ,” ಎಂದ ಮುದುಕನ ಮಾತು ಅವಳಿಗೆ ಕೇಳಿಸಿತ್ತು. ಲಕ್ವಾ ಹೊಡೆದಾಗಲೂ ಆತ ನೋಡಲು ಬರಲಿಲ್ಲ. ಕೊಟ್ಟ ಮಾತು ಅಷ್ಟು ಗಟ್ಟಿ.

ಆ ಮುದುಕನನ್ನೇ ರೇಡಿಯೊಕ್ಕೆ ಕರೆಸಬೇಕೆಂದು ಉಜ್ಮಾ ಲುಂಬಿನಿಯ ಬೆನ್ನು ಬಿದ್ದಳು. ಆಸೆ ಒಂದೇ: ಜೊತೆಗಾರನ ದನಿ ದಾದಾನ ಕಿವಿಗೆ ಬೀಳಬೇಕು. ಲುಂಬಿನಿ ಫೋನು ಮಾಡಿದಾಗ ಲಾಲಪ್ಪ ಕೇಳಿದ್ದು ಒಂದೇ ಮಾತು.

“ನಬಿ ಕೇಳ್ತಾನೇನವ್ವ ಅದನ್ನ?”

ತಪ್ಪದೆ ಕೇಳುತ್ತಾನೆಂದಾಗ, ಮಕ್ಕಳಿಗೆ ದವಾಖಾನೆಗೆಂದು ಹೇಳಿ ಬಸ್ಸು ಹತ್ತಿ ಬಂದ.

ಬಿಳಿ ಟೋಪಿ, ಹೆಗಲ ಮೇಲೆ ಶಲ್ಯ. ಗಾಜಿನ ಆಚೆ ಕಂಪ್ಯೂಟರಿನ ಮುಂದೆ ಕೂತ ಉಜ್ಮಾಳನ್ನು ನೋಡಿ, “ನಬೀನ ಕಣ್ಣ ಬಂದಾವ ಇಕಿಗಿ,” ಅಂದ. ಲುಂಬಿನಿ ತನ್ನ ಎಂದಿನ ಪ್ರಶ್ನೆಯಿಂದ ಶುರು ಮಾಡಿದಳು.

“ಮುತ್ಯಾ, ನೀವು ಯಾರು ಅಂತ ಕೇಳಿದ್ರ ಏನಂತೀರಿ?”

“ನಾ ಪ್ರಶ್ನಿ ಹಾಡಾಂವ, ನಬಿ ಉತ್ತರ ಹಾಡಾಂವ. ಉಳಿದದ್ದೆಲ್ಲ ರೇಷನ್ ಕಾರ್ಡಿನ್ಯಾಗ ಬರದಾರ, ನೋಡ್ಕೋರಿ.”

“ನಿಮ್ಮ ಪದಕ್ಕ ಹುಡುಗ್ರು ಡಿಜೆ ಹಚ್ಚಿ ಕುಣಿಯಾಕತ್ತಾರ. ಸಿಟ್ಟು ಬರಲ್ಲೇನ್ರಿ?”

“ಕುಣೀಲಿ ಬಿಡವ್ವ. ಅದರಾಗರ ನಾವಿಬ್ರೂ ಕೂಡೇ ಅದೀವಿ.”

ಆಮೇಲೆ ಹಾಡಿದ. ಎಪ್ಪತ್ತು ದಾಟಿದ ದನಿ ಒಡೆದಿತ್ತು, ಆದರೆ ಎಲ್ಲೂ ಅಳುಕಲಿಲ್ಲ. ‘ಹೊಳಿಯ ದಂಡಿಗಿ ಬಂದು ನಿಂತಂಥ ಕುದುರಿ, ನೀರ್ಯಾಕ ಮುಟ್ಟಲಿಲ್ಲೋ ಅಣ್ಣಾ’ ಎಂಬ ಪ್ರಶ್ನೆ ಹಾಡಿ, ಕಣ್ಣು ಮುಚ್ಚಿ ಸುಮ್ಮನೆ ಕೂತ. ಲುಂಬಿನಿ ಬಾಯಿ ತೆರೆಯಹೋದಾಗ ಅಂಗೈ ಎತ್ತಿ ತಡೆದ. ಬಹಳ ಹೊತ್ತಾದ ಮೇಲೆ ಎರಡನೆಯ ಪ್ರಶ್ನೆ ಹಾಡಿದ, ಮತ್ತೆ ಸುಮ್ಮನಾದ. ಹೀಗೆ ನಾಲ್ಕು ಸಲ. ಅಯ್ಯೋ ಪಾಪ, ಮುತ್ಯಾನಿಗೆ ಸಾಲುಗಳೇ ಮರೆತುಹೋಗುತ್ತಿವೆ ಎಂದು ಉಜ್ಮಾ ಅಂದುಕೊಂಡಳು. ಮರೆತದ್ದು ಊರಿಗೆಲ್ಲ ತಿಳಿಯಬಾರದೆಂದು ಆ ನಾಲ್ಕೂ ಮೌನಗಳನ್ನು ಕತ್ತರಿಸಿ, ಪ್ರಶ್ನೆಗಳನ್ನು ಒಂದಕ್ಕೊಂದು ಹತ್ತಿಸಿ ಕೂಡಿಸಿದಳು. ಎಲ್ಲಿ ಕತ್ತರಿಸಿದ್ದೆಂದು ಯಾರಿಗೂ ಗೊತ್ತಾಗುವಂತಿರಲಿಲ್ಲ. ಜಾಗ ಸಾಲದ ಕಂಪ್ಯೂಟರಿನಿಂದ ಮೂಲ ಧ್ವನಿಯನ್ನೂ ಎಂದಿನಂತೆ ಅಳಿಸಿಹಾಕಿದಳು.

ಗುರುವಾರ ಅಬ್ಬಾ ಕಾರ್ಖಾನೆಯ ಶಿಫ್ಟಿಗೆ ಹೋಗಿದ್ದ. ಉಜ್ಮಾ ರೇಡಿಯೊವನ್ನು ದಾದಾನ ತಲೆದಿಂಬಿನ ಬಳಿ ಇಟ್ಟಳು. ಲಾಲಪ್ಪನ ದನಿ ಬಂದದ್ದೇ ದಾದಾನ ಕಣ್ಣು ಅಗಲವಾದವು. ಮೊದಲ ಪ್ರಶ್ನೆ ಮುಗಿಯುತ್ತಿದ್ದಂತೆ ಆತ ದಿಂಬಿನಿಂದ ತಲೆ ಎತ್ತಿದ. ಸೊಟ್ಟಗಾದ ಬಾಯಿ ತೆರೆಯಿತು. ಒಂದೂವರೆ ವರ್ಷದಿಂದ ಸದ್ದಿಲ್ಲದ ಗಂಟಲಿನಿಂದ ‘ಹಾ…’ ಎಂದು ಏನೋ ಎದ್ದಿತು. ಅಷ್ಟರಲ್ಲಿ ರೇಡಿಯೊದ ಲಾಲಪ್ಪ ಎರಡನೆಯ ಪ್ರಶ್ನೆ ಶುರು ಮಾಡಿಬಿಟ್ಟ.

ದಾದಾ ಗಲಿಬಿಲಿಗೊಂಡು ಬಾಯಿ ಮುಚ್ಚಿದ. ಮತ್ತೆ ಉಸಿರು ಕೂಡಿಸಿಕೊಂಡು ಬಾಯಿ ತೆರೆಯುವಷ್ಟರಲ್ಲಿ ಮೂರನೆಯದು ಬಂತು. ನಾಲ್ಕನೆಯ ಪ್ರಶ್ನೆಗೆ ಆತ ಬಾಯಿ ತೆರೆಯಲೇ ಇಲ್ಲ. ಗೋಡೆಯ ಕಡೆ ಮುಖ ತಿರುಗಿಸಿದ.

ಉಜ್ಮಾಳಿಗೆ ಆಗ ಹೊಳೆಯಿತು. ಲಾಲಪ್ಪ ಏನನ್ನೂ ಮರೆತಿರಲಿಲ್ಲ. ಹೊಸ್ತಿಲು ತುಳಿಯುವುದಿಲ್ಲವೆಂದು ಮಾತು ಕೊಟ್ಟವನು ರೇಡಿಯೊದ ದಾರಿಯಿಂದ ಒಳಗೆ ಬಂದು, ಜೊತೆಗಾರನ ಪಾಲಿನಷ್ಟು ಹೊತ್ತು ಬಾಯಿ ಮುಚ್ಚಿ ಕಾದಿದ್ದ. ಆ ಕಾದದ್ದನ್ನೇ ಅವಳು ಕತ್ತರಿಸಿ ಎಸೆದಿದ್ದಳು. ಅವಳಿಗೆ ತನ್ನ ಕೈಗಳ ಮೇಲೆಯೇ ಅಸಹ್ಯವಾಯಿತು.

ಮರುದಿನ ಲಾಲಪ್ಪನಿಗೆ ಫೋನು ಮಾಡಿದಳು. ಕೊಡ್ಲಿಯವರೆಗೆ ಈ ರೇಡಿಯೊ ಮುಟ್ಟುವುದಿಲ್ಲ, ಆದರೆ ಆತನ ಮೊಮ್ಮಗಳು ಮೊಬೈಲಿನಲ್ಲಿ ಕೇಳಿಸಿದ್ದಳಂತೆ.

“ನೀ ನಬೀನ್ನ ಹೊರಗ ನೂಕಿ, ನನ್ನ ಒಬ್ಬನ್ನೇ ಹಾಡಿಸಿದೆಲ್ಲವ್ವಾ,” ಅಂದ. ದನಿಯಲ್ಲಿ ಸಿಟ್ಟಿರಲಿಲ್ಲ, ಅದು ಇನ್ನೂ ಕಷ್ಟವಾಯಿತು.

“ತಪ್ಪಾಯ್ತು ಮುತ್ಯಾ. ಇನ್ನೊಂದ್ಸಲ ಬರ್ತೀರೇನ್ರಿ?”

“ಹ್ಯಾಂಗ ಬರ್ಲಿ? ನನ್ನ ಹುಡುಗ್ರಿಗಿ ಗೊತ್ತಾಗ್ಯಾದ. ಭಾಳ ಮಾತಾಡ್ಯಾರ.”

“ಹಂಗಾದ್ರ ಎಷ್ಟು ಹೊತ್ತು ಜಾಗ ಬಿಡ್ಲಿ, ಅದನ್ನರ ಹೇಳ್ರಿ.”

“ನಬಿ ಮುಗಸಾತನಕ,” ಎಂದು ಫೋನು ಇಟ್ಟ.

ಉಜ್ಮಾ ಆ ಕಂತನ್ನು ಮೊಬೈಲಿನಲ್ಲೇ ಹಾಕಿ, ಪ್ರಶ್ನೆಗೊಮ್ಮೆ ನಿಲ್ಲಿಸಿ ನೋಡಿದಳು. ದಾದಾ ಅವಳ ಬೆರಳನ್ನೂ ಮೊಬೈಲನ್ನೂ ನೋಡಿ ಕಣ್ಣು ಮುಚ್ಚಿದ. ಮೊಮ್ಮಗಳು ನಿಲ್ಲಿಸಿದ್ದಕ್ಕೂ ಜೊತೆಗಾರ ಕಾಯುವುದಕ್ಕೂ ವ್ಯತ್ಯಾಸ ತಿಳಿಯದವನೇ ಆತ? ಇನ್ನು ರವಿವಾರ ಮಧ್ಯಾಹ್ನದ ಮರುಪ್ರಸಾರವೊಂದೇ ಉಳಿದಿತ್ತು. ವಾಡಿಯವನ ಹಾಡಿನಲ್ಲಿ ದಾದಾನ ಉತ್ತರ ನಲವತ್ತು ಸೆಕೆಂಡು ಇತ್ತು. ಪ್ರತಿ ಪ್ರಶ್ನೆಯ ಕೊನೆಗೆ ಅಷ್ಟೇ ಖಾಲಿ ಜಾಗ ಕೂಡಿಸಿದಳು.

“ನಲವತ್ತು ಸೆಕೆಂಡ ಏನೂ ಬರಲಿಲ್ಲಂದ್ರ ಮಂದಿ ನನಗ ಫೋನ್ ಮಾಡ್ತಾರ,” ಅಂದರು ಪೂನಮ್ ಮೇಡಂ. ಲುಂಬಿನಿ ಮುಂದೆ ಬಂದು, “ಮಾಡ್ಲಿ ಬಿಡ್ರಿ ಮೇಡಂ, ಅವ್ರಿಗೆ ನಾ ಉತ್ತರ ಹೇಳ್ತೀನಿ,” ಎಂದಳು. ಮೇಡಂ ಸಹಿ ಹಾಕಿದರು. ಶುರುವಿಗೆ ಲುಂಬಿನಿ ಎರಡು ಮಾತು ಸೇರಿಸಿದಳು: ನಡುನಡುವೆ ಸದ್ದು ನಿಲ್ಲುತ್ತದೆ, ರೇಡಿಯೊ ಕೆಟ್ಟಿಲ್ಲ, ಅದು ಒಬ್ಬರ ಪಾಲು.

ರವಿವಾರ ಅಬ್ಬಾನಿಗೆ ರಜೆ. ಆ ದಿನ ಅಪ್ಪನ ಸತ್ತ ಕೈಗೆ ಎಣ್ಣೆ ತಿಕ್ಕುವ ಕೆಲಸವನ್ನು ಆತ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಉಜ್ಮಾ ಹೆದರುತ್ತಲೇ ರೇಡಿಯೊ ಹಚ್ಚಿದಳು. ಲಾಲಪ್ಪನ ದನಿ ಕೇಳಿ ಸರ್ದಾರನ ಕೈ ನಿಂತಿತು. ಮಗಳ ಮುಖ ನೋಡಿದ. ಬಂದ್ ಮಾಡು ಎನ್ನುತ್ತಾನೆಂದು ಅವಳು ಅಂದುಕೊಂಡಳು. ಆತ ಮತ್ತೆ ಎಣ್ಣೆ ತಿಕ್ಕತೊಡಗಿದ.

ಪ್ರಶ್ನೆ ಮುಗಿದು ಮನೆಯಲ್ಲಿ ಸದ್ದಡಗಿತು. ದಾದಾ ಈ ಸಲ ತಲೆ ಎತ್ತಲಿಲ್ಲ. ಹತ್ತು ಸೆಕೆಂಡು, ಹದಿನೈದು. ಗುರುವಾರದ ನೋವು ಇನ್ನೂ ಆತನಲ್ಲಿತ್ತೇನೋ. ಲಾಲಪ್ಪ ಇನ್ನೂ ಕಾಯುತ್ತಿದ್ದಾನೆಂದು ತಿಳಿದ ಮೇಲೆ ನಿಧಾನಕ್ಕೆ ಬಾಯಿ ತೆರೆದ. ಅಕ್ಷರಗಳಿರಲಿಲ್ಲ. ‘ಹಾ… ಓ…’ ಎಂಬ ಗೊಗ್ಗರು ದನಿ ಏರಿ, ಇಳಿದು, ಮತ್ತೆ ಏರಿತು. ಧಾಟಿ ಮಾತ್ರ ಅದೇ. ಎಡಗೈ ಹಾಸಿಗೆಯ ಮೇಲೆ ತಾಳ ಹಾಕುತ್ತಿತ್ತು. ಉಜ್ಮಾ ಬಾಯಿಗೆ ಓಢಣಿ ಒತ್ತಿಕೊಂಡು ಅತ್ತಳು. ಎರಡನೆಯ ಉತ್ತರವನ್ನೂ ಆತ ಮುಗಿಸಿದ. ಮೂರನೆಯದಕ್ಕೆ ನಡುವೆಯೇ ಉಸಿರು ಕಟ್ಟಿತು, ಕೆಮ್ಮು ಬಂತು, ಸರ್ದಾರ ಎದೆ ಸವರಿದ.

ರೇಡಿಯೊದಲ್ಲಿ ಲಾಲಪ್ಪ ನಾಲ್ಕನೆಯ ಪ್ರಶ್ನೆ ಹಾಡಿದ:

‘ಡೇರೆದ ಬಾಗಿಲಿಗಿ ತಿರುಗಿ ಬಂದಂಥ ಕುದುರಿ, ಬೆನ್ನ ಮ್ಯಾಲ ಯಾರಿದ್ರೋ ಅಣ್ಣಾ.’

ದಾದಾ ಬಾಯಿ ತೆರೆದ. ಗಾಳಿ ಮಾತ್ರ ಬಂತು. ಮತ್ತೊಮ್ಮೆ ತೆರೆದ, ಅದೂ ಬರಲಿಲ್ಲ. ಆಗ ಕತ್ತು ಹೊರಳಿಸಿ ಮಗನ ಮುಖವನ್ನೇ ನೋಡಿದ. ಎಡಗೈಯಿಂದ ಸರ್ದಾರನ ಎಣ್ಣೆಗೈ ಹಿಡಿದು ಒಮ್ಮೆ ಜಗ್ಗಿದ. ಆ ಕಣ್ಣು ಏನು ಬೇಡುತ್ತಿತ್ತೆಂದು ಉಜ್ಮಾಳಿಗೆ ತಿಳಿಯಿತು. ಸರ್ದಾರನಿಗೂ ತಿಳಿಯಿತು. ಆತನ ತುಟಿ ಅಲುಗಿತು, ಮತ್ತೆ ಬಿಗಿಯಿತು. ಆತ ತಲೆ ತಗ್ಗಿಸಿದ. ಗೋಡೆಯ ಗಡಿಯಾರ ಓಡುತ್ತಿತ್ತು. ಇಷ್ಟು ಉದ್ದದ ನಲವತ್ತು ಸೆಕೆಂಡನ್ನು ಉಜ್ಮಾ ಕಂಡಿರಲಿಲ್ಲ. ತಾನೇ ಕೂಡಿಸಿದ ಆ ಜಾಗ ಮುಗಿಯದಿರಲಿ ಎಂದು ಅವಳು ಬೇಡಿಕೊಂಡಳು. ಅದು ಮುಗಿಯಿತು. ಉತ್ತರ ಸಿಕ್ಕಿತೆಂಬಂತೆ ಲಾಲಪ್ಪ ಕೊನೆಯ ಸಲಾಮಿನ ಪದಕ್ಕೆ ಹೋದ, ಕಾರ್ಯಕ್ರಮ ನಿಂತಿತು.

ದಾದಾ ಹಿಡಿದ ಕೈ ಬಿಟ್ಟ. ಬುಧವಾರ ಬೆಳಗಿನ ನಮಾಜಿನ ಹೊತ್ತಿಗೆ ತೀರಿಕೊಂಡ.

ಸರ್ದಾರ ತಾನೇ ಕೊಡ್ಲಿಗೆ ಫೋನು ಮಾಡಿದ. ಮೂರು ವರ್ಷದ ಮೇಲೆ ಲಾಲಪ್ಪ ಆ ಓಣಿಗೆ ಬಂದ, ಆದರೆ ಒಳಗೆ ಕರೆದರೂ ಹೊಸ್ತಿಲ ಹೊರಗೇ ನಿಂತ. ಸರ್ದಾರನೇ ದಾಟಿ ಹೊರಗೆ ಬಂದು ಆತನ ಎರಡೂ ಕೈ ಹಿಡಿದುಕೊಂಡ.

“ನಾಕೂ ಹಾಡಿದನೇನು ನಿಮ್ಮಪ್ಪ?” ಎಂದು ಲಾಲಪ್ಪ ಕೇಳಿದ.

ಉಜ್ಮಾ ಬಾಗಿಲ ಮರೆಯಲ್ಲಿದ್ದಳು. ಹೌದು ಎಂದುಬಿಡಲಿ ಅಬ್ಬಾ ಎಂದು ಅವಳಿಗೆ ಅನಿಸಿತು.

“ಎರಡು ಹಾಡಿದ್ರು ಕಾಕಾ. ಮೂರನೇದಕ್ಕ ಅರ್ಧಕ್ಕ ಉಸಿರು ನಿಂತ್ತು,” ಅಂದ ಸರ್ದಾರ. ಆಮೇಲೆ, ಹಾಡದೆ, ಬರೀ ಮಾತಿನಲ್ಲಿ ಹೇಳಿದ: “ಬೆನ್ನು ಬರಿದಿತ್ತೋ ಅಣ್ಣಾ, ಲಗಾಮು ನೆಲದಾಗ ಎಳಿತಿತ್ತು. ನಾಕನೇದು ನನಗ ಬರ್ತಿತ್ತು ಕಾಕಾ. ಸಣ್ಣಾಂವ ಇದ್ದಾಗಿಂದ ಬರ್ತಿತ್ತು. ನಾ ಹಾಡಲಿಲ್ಲ.”