ಕೇರಿ ಬಾವಿಯ ಬಾಟಲಿ

ಇದನ್ನು ಹೇಳಲು ನಾನು ಯಾರು ಎಂದು ಕೇರಿಯವರು ಕೇಳಬಹುದು. ನಾನು ಆ ನೀರು ಕುಡಿದವನಲ್ಲ. ತಪ್ಪಿದ್ದರೆ ಮನ್ನಿಸಲಿ.

"ದೂರ ನಿಂದ್ರ ಸೂಳಿಮಗಳ! ಬಾಟ್ಲಿ ನನ್ನ ಕೊಡಕ್ಕ ತಗಲೀತು!"

ಸಾತಲಿಂಗಪ್ಪ ಪಾಟೀಲ ತನ್ನ ಬಾವಿಕಟ್ಟೆಯ ಮೇಲೆ ನಿಂತು ಎತ್ತರದಿಂದ ನೀರು ಸುರಿದ. ಕೆಳಗೆ ಕೂತ ಸುವರ್ಣಾಳ ಬಾಟಲಿಗೆ ಬಿದ್ದದ್ದು ಸ್ವಲ್ಪ, ತಲೆಗೆ ಬಿದ್ದದ್ದೇ ಬಹಳ.

"ಕೇರ್ಯಾಗ ನಿಮಗ ಬಾವಿ ಇಲ್ಲೇನ? ಅದನ್ನ ನೆಕ್ಕ್ರಿ ಹೋಗ್ರಿ."

"ಮೇಡಮ್ಮಾರಿಗಿ ಬೇಕಾಗೇತ್ರಿ ಎಪ್ಪಾ. ಚೊಕ್ಕ ನೀರು."

ಬಾಟಲಿಗೆ ಅಂಟಿಸಿದ ಚೀಟಿಯ ಮೇಲೆ ಮರಾಠಿಯಲ್ಲಿ 'ಕೇರಿ ಬಾವಿ' ಎಂದಿತ್ತು. ಸುವರ್ಣಾ ಮರಾಠಿ ಸಾಲಿಯಲ್ಲಿ ಕಲಿತವಳು. ಓದಿಕೊಂಡೇ ಇಲ್ಲಿಗೆ ಬಂದಿದ್ದಳು.

ಅಕ್ಕಲಕೋಟದ ಬಸ್ಸು ತಿರುಗುವ ಕರಿಗಲ್ಲಿನ ಬಯಲಲ್ಲಿ, ಪಾಟೀಲನ ಬೀಳು ಹೊಲದಲ್ಲಿ, ಯಂತ್ರ ನೆಲ ಕೊರೆದಿತ್ತು. ಅಣುವಿದ್ಯುತ್ತಿನ ಕಸ, ಲಕ್ಷ ವರ್ಷವಾದರೂ ವಿಷ ಆರದಂಥದ್ದು, ಅದನ್ನು ಹೂಳಲು ಈ ಬಂಡೆ ತಾಳೀತೇ ಎಂದು ನೋಡುವ ಪರೀಕ್ಷೆ. ಕಸ ಇನ್ನೂ ಬಂದಿರಲಿಲ್ಲ. ಪುಣೆಯ ಸ್ನೇಹಲ ಮೇಡಂ ಕೊಳವೆಯೊಳಗೆ ಬರೀ ಹಸಿರು ಬಣ್ಣ ಇಳಿಸಿದ್ದಳು. ಅದು ಯಾವ ಬಾವಿಯಲ್ಲೂ ಕಾಣದಿದ್ದರೆ ಬಂಡೆ ಗಟ್ಟಿ ಎಂದು ಲೆಕ್ಕ. ವಾರಕ್ಕೊಮ್ಮೆ ಎಲ್ಲ ಬಾವಿಗಳ ನೀರು ತಂದುಕೊಡುವುದು ಸುವರ್ಣಾಳ ಕೂಲಿ.

"ಘಾಬರೂ ನಕಾ, ಹೆದರಬ್ಯಾಡ್ರಿ ತಾಯಿ. ಈ ಬಣ್ಣ ಕುಡದ್ರೂ ಏನೂ ಆಗೂದಿಲ್ಲ," ಎಂದಿದ್ದಳು ಮೇಡಂ.

ಬೇರೆಲ್ಲ ಬಾವಿಗಳ ನೀರನ್ನು ಸುವರ್ಣಾ ಸರಿಯಾಗಿಯೇ ತಂದಳು. ತನ್ನ ಕೇರಿಯದೊಂದು ಮಾತ್ರ ಕೈಗೆ ಬರಲಿಲ್ಲ. ಕಂದಾಯದ ತಲಾಠಿ ಬರಲಿ, ಸೂಜಿ ಚುಚ್ಚುವ ನರ್ಸ್ ಬರಲಿ, ಕೇರಿಯವರು ಅವರಿಗೆ ತಮ್ಮ ನೀರು ಕೊಡುತ್ತಿರಲಿಲ್ಲ. ಪಾಟೀಲನ ಬಾವಿಕಟ್ಟೆಯ ಕೆಳಗೆ ಕೈಯೊಡ್ಡಿ ತಂದುಕೊಡುತ್ತಿದ್ದರು. "ನಮ್ಮ ನೀರ ದೊಡ್ಡವರ ಕೈಯಾಗ ಕೊಟ್ಟು ಪಾಪ ಕಟಗೋಬ್ಯಾಡ," ಎಂದು ಅತ್ತೆ ಸುಮಿತ್ರಾಬಾಯಿ ಲಗ್ನವಾಗಿ ಬಂದ ಹೊಸದರಲ್ಲೇ ಕಲಿಸಿದ್ದಳು. ಪರೀಕ್ಷೆಗೆಂದು ಸುವರ್ಣಾಳಿಗೆ ಗೊತ್ತಿತ್ತು. ಆದರೂ ಆ ರಾಡಿ ನೀರನ್ನು ಮೇಡಂ ಬೆಳಕಿಗೆ ಹಿಡಿದು ನೋಡುತ್ತಾಳೆಂದು ನೆನೆದರೆ ಮೈ ಹಿಡಿಯಾಗುತ್ತಿತ್ತು.

ಮಳೆ ನಿಂತ ಮೇಲೆ ಒಂದು ಮಧ್ಯಾಹ್ನ ಕೇರಿ ಬಾವಿಯಿಂದ ಕೊಡ ಎತ್ತಿದಳು. ಬಿಸಿಲಲ್ಲಿ ನೀರು ಗಿಳಿಯ ರೆಕ್ಕೆಯಂತೆ ಹೊಳೆಯಿತು.

"ಪಾಚಿ ಇದ್ದೀತ ಬಿಡ," ಎಂದು ಸುಮಿತ್ರಾಬಾಯಿ ತಂಬಿಗೆ ತುಂಬಿ ಗಟಗಟ ಕುಡಿದಳು. ಸುವರ್ಣಾ ಅವಳ ಗಂಟಲನ್ನೇ ನೋಡುತ್ತ ನಿಂತಳು.

ಕೊಡ ಅಲ್ಲೇ ಇಟ್ಟು ಯಂತ್ರದ ಹತ್ತಿರ ಓಡಿದಳು. ಮೇಡಂ ನಗುತ್ತಿದ್ದಳು. "ಎಲ್ಲ ಬಾವಿ ಸ್ವಚ್ಛ, ತಾಯಿ! ನಿಮ್ಮ ಕೇರೀದಂತೂ ಏಕದಮ್ ಛಾನ್. ನಾಳಿ ಸೋಲಾಪುರದ ಸಾಹೇಬ್ರು ಬರ್ತಾರ."

"ಮೇಡಂ, ನಮ್ಮ ಬಾವಿ ಹಸರಾಗೇತ್ರಿ."

ಪಕ್ಕದಲ್ಲಿದ್ದ ಪಾಟೀಲ ಹೊಟ್ಟೆ ಹಿಡಿದು ನಕ್ಕ. "ನಿಮ್ಮ ಬಾವಿ ಯಾವಾಗ ಹಸರ ಇರ್ಲಿಲ್ಲ ಹೇಳ? ಜಳಕ ಮಾಡ್ರಿ ಮೊದಲ!"

ಮೇಡಂಗೂ ನಗೆ ಬಂತು. ಬಾಟಲಿ ಸುಳ್ಳು ಹೇಳುತ್ತದೆಯೇ? ಸುಳ್ಳು ಹೇಳಿದವಳು ಸುವರ್ಣಾ. ಅದನ್ನು ಒಪ್ಪಿಕೊಳ್ಳದೆಯೇ ಅವಳು ಕೇರಿಗೆ ತಿರುಗಿದಳು.

ಮರುದಿನ ಮಾರುತಿ ಗುಡಿಯ ಮುಂದೆ ಪೆಂಡಾಲು. ಕುರ್ಚಿಗಳಲ್ಲಿ ಸಾಹೇಬರು, ನಡುವೆ ಪಾಟೀಲ. ಸುವರ್ಣಾ ತುಂಬಿದ ಕೊಡ ಹೊತ್ತು ಬಂದಳು.

"ಸುವರ್ಣಾತಾಯಿ, ಸಗಳ್ಯಾಂನಾ, ಎಲ್ಲಾರಿಗೂ ನೀರು ಕೊಡ್ರಿ," ಎಂದಳು ಮೇಡಂ, ಊರಿನ ರೀತಿ ಅರಿಯದೆ.

ಪಾಟೀಲನ ಮೋರೆ ಗಂಟಾಯಿತು. ಸಾಹೇಬರು ನೋಡುತ್ತಿದ್ದರು. ಗಂಟು ಬಿಚ್ಚಿಕೊಂಡು ಹಲ್ಲು ಕಿರಿದ. "ಹಾಂ ಹಾಂ, ಕೊಡವಾ ತಂಗಿ. ನಮ್ಮಲ್ಲಿ ಅಂಥಾ ಭೇದ ಇಲ್ರಿ ಸಾಹೇಬ." ಸ್ಟೀಲಿನ ಗ್ಲಾಸು ಎತ್ತಿ ಎಲ್ಲರಿಗಿಂತ ಮೊದಲು ತಾನೇ ಕುಡಿದ. ಪೆಂಡಾಲಿನ ನೆರಳಲ್ಲಿ ಬಣ್ಣ ತಿಳಿಯದೆ ಸಾಹೇಬರೂ ಕುಡಿದರು.

ಸುವರ್ಣಾ ಸೆರಗಿನಿಂದ ಚೀಟಿಯ ಬಾಟಲಿ ತೆಗೆದಳು. ಕೊಡದಲ್ಲಿ ಉಳಿದದ್ದನ್ನು ಅದಕ್ಕೆ ತುಂಬಿ ಬಿಸಿಲಿಗೆ ಹಿಡಿದಳು. ಹಸಿರು ಅವಳ ಮೊಣಕೈಯ ಮೇಲೂ ಕುಣಿಯಿತು.

"ಇದು ಕೇರಿ ಬಾವೀದ್ರಿ. ಇಷ್ಟ ದಿನ ನಾ ತುಂಬಿ ಕೊಟ್ಟಿದ್ದು ಪಾಟೀಲರ ಬಾವೀದು. ತಪ್ಪು ನಂದ್ರಿ. ನಮ್ಮ ನೀರ ನಿಮಗ ಕೊಡಾಕ ನಾಚಿಕಿ ಬಂತು."

ಪಾಟೀಲ ಬೇವಿನ ಮರದ ಹಿಂದೆ ಓಡಿ ಗಂಟಲಿಗೆ ಬೆರಳು ಹಾಕಿದ. ವಾಂತಿಯ ನಡುನಡುವೆ ಅವಳ ಏಳು ತಲೆಮಾರನ್ನೂ ಬೈದ. ಒಬ್ಬ ಸಾಹೇಬ ಹೊಟ್ಟೆ ಮುಟ್ಟಿಕೊಂಡು ಮೇಡಂ ಕಡೆ ನೋಡಿದ.

"ಏನೂ ಆಗೂದಿಲ್ರಿ ಸಾಹೇಬ," ಎಂದಳು ಸುವರ್ಣಾ. "ಮೇಡಮ್ಮಾರs ಹೇಳ್ಯಾರ. ಬಣ್ಣ ಬಂತು, ಕುಡದ್ವಿ. ನಾಳಿ ಆ ಕಸದ ವಿಷಾನೂ ಇದs ದಾರಿಲೇ ಬಂದ್ರ?"

ಮೇಡಂ ಎದ್ದು ಬಂದು ಎರಡೂ ಕೈಯಿಂದ ಬಾಟಲಿ ಇಸಿದುಕೊಂಡಳು.

ಸುಮಿತ್ರಾಬಾಯಿ ಈಗ ಸೊಸೆ ಬಡಿಸಿದ್ದನ್ನು ಉಣ್ಣುವುದಿಲ್ಲ. ದೊಡ್ಡವರ ಬಾಯಿಗೆ ನಮ್ಮ ನೀರು ಹಾಕಿದವಳು ಎಂದು. ಪಾಟೀಲನ ಹೊಲಗಳಲ್ಲಿ ಕೇರಿಯವರಿಗೆ ಕೂಲಿ ನಿಂತಿದೆ. ಸುವರ್ಣಾ ವಾರಕ್ಕೊಮ್ಮೆ ಒಂದು ಬಾಟಲಿ ತುಂಬಿ ಹೊಸ್ತಿಲ ಮೇಲಿಡುತ್ತಾಳೆ, ಒಯ್ಯಲು ಯಾರೂ ಬರುವುದಿಲ್ಲ. ಅದೇ ಬಾವಿಯ ನೀರನ್ನು ಕೇರಿ ಕುಡಿಯುತ್ತದೆ.

ಮೇಡಂ ಒಯ್ದ ಬಾಟಲಿ ಸೋಲಾಪುರ ಮುಟ್ಟಿತೋ, ದಾರಿಯಲ್ಲೇ ಚೆಲ್ಲಿತೋ ನನಗೆ ಗೊತ್ತಿಲ್ಲ. ಬಂಡೆ ಎಲ್ಲಿ ಬಿರಿದಿದೆಯೋ ಅದೂ ಗೊತ್ತಿಲ್ಲ. ಯಂತ್ರ ಹೊಲದಲ್ಲೇ ಇದೆ, ತಾಡಪತ್ರಿ ಹೊದ್ದುಕೊಂಡು.