ಕಡವಿನ ಬಳಿಯ ಕಲ್ಲು

ಬೆಳಗಾಗುವಷ್ಟರಲ್ಲಿ, ಜನ ನೀರು ದಾಟುವ ಕಡವಿನ ಬಳಿಯ ಕಲ್ಲು ಮಾಯವಾಗಿತ್ತು. ಅದು ನಿಂತಿದ್ದ ಕಡೆ ಬರಿಯ ಗುಂಡಿ. ಅಲ್ಲಿಂದ ಹಿಮದ ಮೇಲೆ ಜಾರುಬಂಡಿಯ ಗುರುತು ಹೆಪ್ಪುಗಟ್ಟಿದ ಸರೋವರಕ್ಕಿಳಿದು, ಮಂಜುಗಡ್ಡೆ ಒಡೆದು ಮಾಡಿದ ಕಂಡಿಯ ಹತ್ತಿರ ನಿಂತುಹೋಗಿತ್ತು. ಕೆಟಿಲ್ವಿ ಕಂಡಿಯೊಳಗೆ ಬಗ್ಗಿ ನೋಡಿದಳು. ಇವತ್ತೇ ಊರಸಭೆ, ಇವತ್ತೇ ಹೊಲಮನೆಯ ತೀರ್ಮಾನ.

ಅವಳ ಹಕ್ಕೆಲ್ಲ ಆ ಕಲ್ಲಿನಲ್ಲಿತ್ತು. ಅಳಿಯ ಓರ್ಮ ಮೀನಿಗೆ ಹೋದವನು ಮುಳುಗಿದ. ಆಮೇಲೆ ಅವನ ಹಸುಗೂಸು ಹೋಯಿತು, ಕೊನೆಗೆ ಅವನ ಹೆಂಡತಿ, ಕೆಟಿಲ್ವಿಯ ಮಗಳು ಉನ್ನ. ಹೀಗಾದರೆ ಆಸ್ತಿ ಅಪ್ಪನಿಂದ ಕೂಸಿಗೆ, ಕೂಸಿನಿಂದ ತಾಯಿಗೆ, ಅವಳಿಂದ ಕೆಟಿಲ್ವಿಗೆ. ಅಪ್ಪನಿಗಿಂತ ಕೂಸೇ ಮೊದಲು ಸತ್ತಿತ್ತೆಂದರೆ ಎಲ್ಲವೂ ಓರ್ಮನ ತಮ್ಮ ಆಸ್ಗೌತನ ಪಾಲು. ಅದಕ್ಕೇ ಅವಳು ಯಾರ ಹಿಂದೆ ಯಾರು ಹೋದರೆಂದು ಕಲ್ಲಿನಲ್ಲಿ ಕೊರೆಸಿ, ಅಕ್ಷರಗಳಿಗೆ ಕೆಂಪು ಬಳಿಸಿದ್ದಳು. ಕಡವು ದಾಟುವವರು ನಿಂತು ಅದನ್ನು ಗಟ್ಟಿಯಾಗಿ ಹೇಳಿ ಮುಂದೆ ಹೋಗುವುದು ಊರಿನ ರೂಢಿ.

"ಕಲ್ಲೆಲ್ಲಮ್ಮ?" ಎಂದು ಸಭೆಯ ಹಿರಿಯ ಕೇಳಿದ.

"ನಿನ್ನೆ ಸಂಜೆವರ್ಗೂ ಇತ್ತು. ದಿನಾ ಓದ್ಕೊಂಡ್ ಹೋಗ್ತಿದ್ರಲ್ಲ, ನೀವೇ ಹೇಳ್ರಪ್ಪ!"

ಆಸ್ಗೌತ ನಕ್ಕ. "ಕಲ್ಲಿಗೇನ್ ಕಾಲು ಬಂತಾ ಅತ್ತೆ? ಕನಸಲ್ಲಿ ನೆಟ್ಟಿದ್ರೇನೋ!" ಅವನ ಹಿಂದೆ ಕೊಡಲಿ ಹಿಡಿದ ಹನ್ನೆರಡು ಮಂದಿ ನಿಂತಿದ್ದರು. ಎದೆಯುದ್ದ ಗಡ್ಡ ಬಿಟ್ಟ ಊರ ಗಂಡಸರೆಲ್ಲ ತಮ್ಮ ತಮ್ಮ ಪಾದ ನೋಡಿಕೊಂಡರು. ಹೇಡಿಗಳು!

"ಮೂರು ಸಲ ಕೇಳ್ತೀನಿ," ಎಂದ ಹಿರಿಯ. "ಯಾರೂ ಬಾಯಿ ಬಿಡ್ಲಿಲ್ಲ ಅಂದ್ರೆ ಹೊಲ ಆಸ್ಗೌತಂದು. ಸಾಕ್ಷಿ ಯಾರು?"

ಆಸ್ಗೌತ ಸಭೆಯ ಸುತ್ತ ಕಣ್ಣಾಡಿಸಿದ.

"ಸಾಕ್ಷಿ ಯಾರು?"

ಕೆಟಿಲ್ವಿ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಹಿರಿಯ ಮೂರನೇ ಸಲ ಬಾಯಿ ತೆರೆಯುವಾಗ ಹೆಂಗಸರ ಕಡೆಯಿಂದ ಮುದುಕಿ ತೋರಾ ಎದ್ದಳು. ಓರ್ಮ, ಆಸ್ಗೌತ ಇಬ್ಬರನ್ನೂ ಹೆತ್ತವಳು, ಆಸ್ಗೌತನ ಮನೆಯಲ್ಲಿ ಉಣ್ಣುವವಳು.

"ಅವ್ವಾ, ಕೂತ್ಕೋ."

"ನೀನು ಬಾಯ್ಮುಚ್ಚು."

ಕಡವಿನಲ್ಲಿ ಹೇಳುವ ರಾಗದಲ್ಲೇ ಅವಳು ಶುರುಮಾಡಿದಳು. "ಮೊದಲು ಓರ್ಮ ಮುಳುಗಿದ. ಆಮೇಲೆ ಅವನ ಕೂಸು ತೀರಿತು. ಆಮೇಲೆ ಉನ್ನ. ಅವಳ ತಾಯಿ ಕೆಟಿಲ್ವಿ ಈ ಕಲ್ಲು ನಿಲ್ಲಿಸಿದಳು."

ಒಂದಕ್ಷರ ತಪ್ಪಲಿಲ್ಲ. ಹಿಂದಿನಿಂದ ಒಂದು ದನಿ ಸೇರಿತು, ಇನ್ನೊಂದು ಸೇರಿತು, ಕಡೆಗೆ ಗಂಡಸರೂ ನಾಚಿಕೊಂಡು ಹೇಳಿದರು. ಅಷ್ಟು ಜನರ ಮೇಲೆ ಕೊಡಲಿ ಎತ್ತಲು ಹನ್ನೆರಡು ಮಂದಿಗೂ ಧೈರ್ಯವಾಗಲಿಲ್ಲ. ಹಿರಿಯ ಹೊಲವನ್ನು ಕೆಟಿಲ್ವಿಗೆ ಕೊಟ್ಟ.

"ನಾನೂ ನಿನ್ ಮಗ ಅಲ್ವೇನವ್ವಾ?" ಆಸ್ಗೌತ ತಾಯಿಯ ಮುಂದೆ ಬಂದು ನಿಂತ.

"ಹೌದು ಕಣೋ. ಅವ್ನೂ ಮಗನೇ. ಅವ್ನ ಹೆಣ ಸಿಗ್ಲಿಲ್ಲ, ನಂಗಿದ್ದಿದ್ದು ಆ ಕಲ್ಲೊಂದೇ. ಅದನ್ನೂ ನೀರಿಗೆ ಹಾಕ್ಬಿಟ್ಯಲ್ಲೋ."

ಗೆದ್ದ ಸಂತೋಷ ಕೆಟಿಲ್ವಿಗೆ ಆಗಲೇ ಇಲ್ಲ. ಮುದುಕಿ ಇನ್ನು ಮಗನ ಹೊಸ್ತಿಲು ತುಳಿಯುವಂತಿರಲಿಲ್ಲ. "ಬನ್ನಿ ಬೀಗ್ತೀ, ಮನೆಗೆ ಹೋಗೋಣ," ಎಂದು ಅವಳ ಕೈ ಹಿಡಿದಳು.